ಸಂತಾನಹರಣ ಶಸ್ತ್ರಚಿಕಿತ್ಸೆಯಾದ ಆರು ತಿಂಗಳ ಬೆಕ್ಕು: ಕೋನ್ ಹಾಕಿದರೆ ಹಿಂದಕ್ಕೇ ನಡೆಯುತ್ತದೆ, ಏನು ಮಾಡಲಿ?

ಮಲ್ಲಿಗೆಬಳ್ಳಿ
ನಮ್ಮ ಮಿಂಚುವಿಗೆ ಆರು ತಿಂಗಳು. ಇಂದು ಬೆಳಿಗ್ಗೆ ಶಸ್ತ್ರಚಿಕಿತ್ಸೆಯಾಯಿತು, ಸಂಜೆ ಮನೆಗೆ ಕರೆತಂದೆವು. ಜೊತೆಗೆ ಒಂದು ಹಾಳೆ ಕೊಟ್ಟಿದ್ದಾರೆ: ಹತ್ತರಿಂದ ಹದಿನಾಲ್ಕು ದಿನ ಓಡಬಾರದು, ಜಿಗಿಯಬಾರದು, ಗಾಯ ನೆಕ್ಕಬಾರದು. ಇದನ್ನು ಬರೆದವರು ಆರು ತಿಂಗಳ ಬೆಕ್ಕನ್ನು ಎಂದಾದರೂ ಸಾಕಿದ್ದಾರೆಯೇ ಎಂಬ ಅನುಮಾನ ನನಗಿದೆ.

ಈಗಿನ ಸ್ಥಿತಿ ಹೀಗಿದೆ. ನಡೆಯುವಾಗ ಹಿಂಗಾಲು ಒಂದು ಕಡೆಗೆ ವಾಲುತ್ತದೆ. ಒಳಮೂಲೆಯಿಂದ ಬಂದ ಬಿಳಿ ಪೊರೆಯೊಂದು ಅರ್ಧ ಕಣ್ಣನ್ನು ಮುಚ್ಚಿದೆ, ರೆಪ್ಪೆಯ ಸುತ್ತ ಜಿಡ್ಡು. ಗಾಯ ನೆಕ್ಕದಂತೆ ತಲೆಯ ಸುತ್ತ ನಿಲ್ಲುವ ಪ್ಲಾಸ್ಟಿಕ್ ಕೋನ್ ಅನ್ನು ಕೊರಳಿಗೆ ಹಾಕಿದರೆ ಹಿಂದಕ್ಕೇ ನಡೆಯುತ್ತಾಳೆ, ಗೋಡೆ ಸಿಗುವವರೆಗೂ ನಡೆದು ಅಲ್ಲೇ ಕುಸಿದು ಕೂರುತ್ತಾಳೆ. ಊಟದ ಬಟ್ಟಲನ್ನು ಮೂಸಿಯೂ ನೋಡಿಲ್ಲ. ಹಿರಿಯ ಬೆಕ್ಕು ಗುಂಡ ಅವಳನ್ನು ಕಂಡರೆ ಬುಸುಗುಡುತ್ತಿದ್ದಾನೆ. ನಿನ್ನೆಯವರೆಗೆ ಇಬ್ಬರೂ ಒಂದೇ ಬುಟ್ಟಿಯಲ್ಲಿ ಮಲಗುತ್ತಿದ್ದರು. ಜ್ವರದ ಮಾತ್ರೆಯ ಕಾಲುಭಾಗ ಕೊಟ್ಟರೆ ನೋವು ಇಳಿಯುತ್ತದೆ ಎಂದು ಮನೆಯವರೊಬ್ಬರು ಹೇಳುತ್ತಿದ್ದಾರೆ. ಕೊಡಬಹುದೇ? ಕೋನ್ ತೆಗೆದುಬಿಡಲೇ?

ಸಂಜೆಗೆಂಪು
ಮಾತ್ರೆ ಕೊಡಬೇಡಿ. ಉಳಿದದ್ದು ಆಮೇಲೆ.

ನೀಲಿಕೋಟು
ಪ್ರಾಣಿ ಚಿಕಿತ್ಸಾಲಯದಲ್ಲಿ ಶುಶ್ರೂಷೆಯ ಕೆಲಸ ಮಾಡುತ್ತೇನೆ, ಆದ್ದರಿಂದ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಕಾಲುಭಾಗವೂ ಬೇಡ, ಚೂರೂ ಬೇಡ. ನಮ್ಮ ಯಕೃತ್ತು ಆ ಔಷಧವನ್ನು ಹೊರಹಾಕುವ ದಾರಿ ಬೆಕ್ಕಿನಲ್ಲಿ ಬಹಳ ದುರ್ಬಲ. ಹೊರಹೋಗದೆ ಉಳಿದದ್ದು ಕೆಂಪು ರಕ್ತಕಣಗಳನ್ನು ಕೆಡಿಸುತ್ತದೆ. ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಹೋಗುತ್ತದೆ, ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ. ಒಂದೇ ಮಾತ್ರೆ ಪ್ರಾಣ ತೆಗೆಯಬಲ್ಲದು. ಐಬುಪ್ರೊಫೆನ್, ಆಸ್ಪಿರಿನ್‌ಗಳನ್ನೂ ಹತ್ತಿರ ತರಬೇಡಿ. ಬೆಕ್ಕಿನ ನೋವಿಗೆ ಮೆಲಾಕ್ಸಿಕ್ಯಾಮ್, ರೋಬೆನಾಕಾಕ್ಸಿಬ್, ಬ್ಯುಪ್ರೆನಾರ್ಫಿನ್ ಇವೆ. ತೂಕ ನೋಡಿ ವೈದ್ಯರು ಕೊಡುತ್ತಾರೆ. ಬಹುಶಃ ಇಂದು ಚುಚ್ಚುಮದ್ದು ಕೊಟ್ಟೇ ಕಳುಹಿಸಿರುತ್ತಾರೆ, ಒಮ್ಮೆ ಫೋನ್ ಮಾಡಿ ಕೇಳಿ.

ನೀವು ಹೇಳಿದ ಮಿಕ್ಕ ಲಕ್ಷಣಗಳೆಲ್ಲ ಅರಿವಳಿಕೆಯವು. ಆ ಬಿಳಿ ಪೊರೆ ಬೆಕ್ಕಿನ ಮೂರನೆಯ ರೆಪ್ಪೆ, ಮಂಪರು ಇಳಿದಂತೆ ಒಳಗೆ ಸರಿಯುತ್ತದೆ. ಅರಿವಳಿಕೆಯಲ್ಲಿ ಬೆಕ್ಕಿನ ಕಣ್ಣು ತೆರೆದೇ ಇರುವುದರಿಂದ ಒಣಗದಂತೆ ಮುಲಾಮು ಹಚ್ಚುತ್ತೇವೆ, ಆ ಜಿಡ್ಡು ಅದು. ನಾಳೆ ಸ್ವಲ್ಪ ಕೆಮ್ಮಿದರೂ ಗಾಬರಿಯಾಗಬೇಡಿ, ಉಸಿರಾಟದ ಕೊಳವೆ ಹಾಕಿದ್ದರೆ ಗಂಟಲು ಕೆರೆಯುತ್ತದೆ. ಮುಂಗಾಲಿನಲ್ಲಿ ಬೋಳಿಸಿದ ತೇಪೆ ಕಂಡರೆ ಅದು ಸೂಜಿ ಹಾಕಿದ ಜಾಗ. ನಡಿಗೆ ನಾಳೆ ಸಂಜೆಯೊಳಗೆ ನೆಟ್ಟಗಾಗಬೇಕು.

ಹಳೆಯ ಕನ್ನಡಕ
ನಮ್ಮ ನಾಯಿಗೆ ಹಿಂದೆ ವೈದ್ಯರೇ ಪ್ಯಾರಸಿಟಮಾಲ್ ಬರೆದುಕೊಟ್ಟಿದ್ದರು. ಏನೂ ಆಗಲಿಲ್ಲ. ಎಲ್ಲದಕ್ಕೂ ಹೆದರಿಸುವುದು ಈಗಿನ ರೂಢಿ.

ನೀಲಿಕೋಟು
ನಾಯಿ ಬೆಕ್ಕಲ್ಲ, ಸ್ವಾಮಿ.

ಮೂರು ಬೆಕ್ಕಿನ ಮನೆ
ಬಳ್ಳಿಯವರೇ, ಇಂದು ರಾತ್ರಿಗೆ ಬೇಕಾದದ್ದು ಇಷ್ಟೇ: ಚಿಕ್ಕ ಕೋಣೆ, ಮಂದ ಬೆಳಕು, ನೆಲದ ಮೇಲೆ ಹಾಸಿಗೆ. ಕುರ್ಚಿ, ಮಂಚ, ಕಪಾಟಿನ ಮೇಲೆ ಹತ್ತಲು ದಾರಿ ಇರಬಾರದು. ಮಂಪರಿನಲ್ಲಿರುವ ಬೆಕ್ಕಿಗೆ ತನ್ನ ಕಾಲು ಇನ್ನೂ ಮಾತು ಕೇಳುತ್ತಿಲ್ಲ ಎಂಬುದು ಜಿಗಿದ ಮೇಲೆಯೇ ಗೊತ್ತಾಗುವುದು. ಅರಿವಳಿಕೆಯಿಂದ ಮೈ ತಣ್ಣಗಾಗಿರುತ್ತದೆ, ಮೆತ್ತನೆಯ ಹೊದಿಕೆ ಕೊಡಿ. ಬಿಸಿನೀರಿನ ಚೀಲ ಇಡುವುದಾದರೆ ಬಟ್ಟೆಯಲ್ಲಿ ಸುತ್ತಿ, ಬೇಡವೆನಿಸಿದಾಗ ಸರಿದು ಹೋಗಲು ಜಾಗವಿರಲಿ.

ಊಟ ಮಾಮೂಲಿನ ಅರ್ಧಕ್ಕಿಂತ ಕಡಿಮೆ ಕೊಡಿ, ಸ್ವಲ್ಪ ಬೆಚ್ಚಗೆ ಮಾಡಿ. ಬೆಕ್ಕು ಮೂಗಿನಿಂದ ಉಣ್ಣುವ ಪ್ರಾಣಿ, ವಾಸನೆ ಏಳದ ಊಟ ಅದಕ್ಕೆ ಊಟವೇ ಅಲ್ಲ. ಒಮ್ಮೆ ವಾಂತಿಯಾದರೆ ಪರವಾಗಿಲ್ಲ. ಮತ್ತೆ ಮತ್ತೆ ಆದರೆ ಫೋನ್ ಮಾಡಿ.

ಮಲ್ಲಿಗೆಬಳ್ಳಿ
ಮಾತ್ರೆಯ ಡಬ್ಬಿ ಬೀರುವಿನೊಳಗೆ ಸೇರಿತು. ಚುಚ್ಚುಮದ್ದು ಕೊಟ್ಟಿರುವುದಾಗಿ ಚಿಕಿತ್ಸಾಲಯದವರು ಹೇಳಿದರು, ನಾಳೆಯಿಂದ ಹನಿ ಔಷಧವಂತೆ. ಎಷ್ಟು ಹೊತ್ತು ಊಟ ಬಿಟ್ಟರೆ ಚಿಂತಿಸಬೇಕು?

ನೀಲಿಕೋಟು
ಮನೆಗೆ ಬಂದು 24 ಗಂಟೆಯಾದರೂ ಏನೂ ತಿನ್ನದಿದ್ದರೆ ವೈದ್ಯರಿಗೆ ಹೇಳಿ. ಬೆಕ್ಕಿನ ಉಪವಾಸವನ್ನು ಹಗುರವಾಗಿ ನೋಡಬಾರದು: ಊಟವಿಲ್ಲದೆ ದಿನಗಳು ಕಳೆದರೆ ಮೈಯ ಕೊಬ್ಬು ಯಕೃತ್ತಿನಲ್ಲಿ ತುಂಬಿಕೊಂಡು ಅದು ಕೆಲಸ ನಿಲ್ಲಿಸಬಹುದು. ದಪ್ಪ ಬೆಕ್ಕುಗಳಿಗೆ ಈ ಅಪಾಯ ಹೆಚ್ಚು. ಎಳೆಯ ಬೆಕ್ಕಿಗೆ ಇನ್ನೊಂದು ತೊಂದರೆ, ರಕ್ತದ ಸಕ್ಕರೆ ಬೇಗ ಇಳಿಯುತ್ತದೆ. ಮೂತ್ರವೂ 24 ಗಂಟೆಯೊಳಗೆ ಆಗಬೇಕು. ಮಲ ಎರಡು ಮೂರು ದಿನ ಆಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಹೊಟ್ಟೆ ಖಾಲಿಯಿತ್ತಲ್ಲ.

ಮಲಗುವ ಮುನ್ನ ಒಮ್ಮೆ ತುಟಿ ಎತ್ತಿ ಒಸಡು ನೋಡಿ. ಗುಲಾಬಿ ಬಣ್ಣವಿರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಒಸಡು ಕಾಗದದಂತೆ ಬೆಳ್ಳಗಿದ್ದು, ಎಬ್ಬಿಸಿದರೂ ಏಳದೆ ಬಿದ್ದುಕೊಂಡಿದ್ದರೆ ಒಳಗೆ ರಕ್ತ ಸೋರುತ್ತಿರಬಹುದು. ಆಗ ಬೆಳಗಾಗಲಿ ಎಂದು ಕಾಯುವಂತಿಲ್ಲ.

ಕಾಗದದ ದೋಣಿ
ಕೋನ್ ಬಗ್ಗೆ ಯಾರೂ ಉತ್ತರಿಸಲಿಲ್ಲ. ನನ್ನ ಅಭಿಪ್ರಾಯ: ತೆಗೆದು ಎಸೆಯಿರಿ. ಮೀಸೆಗೆ ತಾಗುತ್ತದೆ, ಕಿವಿಗೆ ಗುಂಯ್ ಎನ್ನುತ್ತದೆ, ಪಕ್ಕದಲ್ಲಿ ಏನಿದೆಯೋ ಕಾಣದು. ಚಿಕಿತ್ಸೆಯ ನಂತರ ತೊಡಿಸುವ ಬಟ್ಟೆಯ ಅಂಗಿ ಸಿಗುತ್ತದೆ, ಸಿಗದಿದ್ದರೆ ಹಳೆಯ ಬನಿಯನ್ನಿನ ತೋಳು ಕತ್ತರಿಸಿ ನಾಲ್ಕು ಕಾಲಿಗೆ ತೂತು ಮಾಡಿದರೆ ಸಾಕು. ನಮ್ಮದು ಅದನ್ನು ಹಾಕಿಕೊಂಡು ಅರ್ಧ ಗಂಟೆ ಸತ್ತಂತೆ ನಟಿಸಿತು, ಆಮೇಲೆ ಎದ್ದು ಊಟ ಮಾಡಿತು.

ಗಡಿಯಾರ
ಅಂಗಿಯ ಪಕ್ಷದವರಿಗೆ ಒಂದು ಪ್ರಶ್ನೆ. ಬೆಕ್ಕು ಬಟ್ಟೆಯ ಮೇಲಿನಿಂದಲೇ ನೆಕ್ಕಿ ಒದ್ದೆ ಮಾಡಿದರೆ? ಒದ್ದೆ ಬಟ್ಟೆ ಗಾಯಕ್ಕೆ ಅಂಟಿ ಕೂತರೆ ಕೋನ್ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಹಿಂದಿನ ಪಟ್ಟಿ ಸಡಿಲಿಸದೆ ಮರಳಿನ ತಟ್ಟೆಗೆ ಹೋದರೆ ಅಂಗಿಯೇ ತಟ್ಟೆಯಾಗುತ್ತದೆ. ಕೋನ್ ವಿಕಾರವಾಗಿದೆ, ಒಪ್ಪುತ್ತೇನೆ. ಆದರೆ ಕೆಲಸ ಮಾಡುತ್ತದೆ.

ಕಾಗದದ ದೋಣಿ
ಎರಡು ಅಂಗಿ ಇಟ್ಟುಕೊಳ್ಳಿ, ಒಂದು ಒಗೆಯಲು ಒಂದು ತೊಡಿಸಲು. ಇದಕ್ಕೆ ಇಷ್ಟೊಂದು ವಾದವೇ?

ನೀಲಿಕೋಟು
ಇಬ್ಬರೂ ಸರಿ. ಬೆಕ್ಕಿನ ನಾಲಿಗೆಯ ತುಂಬ ಹಿಂದಕ್ಕೆ ಬಾಗಿದ ಕೊಕ್ಕೆಗಳಿವೆ. ಮನಸ್ಸಿಟ್ಟು ನೆಕ್ಕಿದರೆ ಹೊಲಿಗೆಯ ದಾರವನ್ನು ಬಹಳ ಬೇಗ ಎಳೆದುಹಾಕುತ್ತದೆ. ಆದ್ದರಿಂದ ಎರಡರಲ್ಲಿ ಒಂದಂತೂ ಬೇಕೇ ಬೇಕು. ಕೋನ್ ಆದರೆ ಅದರ ಅಂಚು ಮೂಗಿನ ತುದಿಗಿಂತ ಸ್ವಲ್ಪ ಮುಂದಿರಲಿ, ಕೊರಳು ಮತ್ತು ಪಟ್ಟಿಯ ನಡುವೆ ಎರಡು ಬೆರಳು ತೂರಲಿ. ಹಿಂದಕ್ಕೆ ನಡೆಯುವುದು ಕೋನಿನಿಂದ ಹೊರಗೆ ಜಾರಿಕೊಳ್ಳುವ ಪ್ರಯತ್ನ. ಒಂದೆರಡು ದಿನದಲ್ಲಿ ಬಿಟ್ಟುಬಿಡುತ್ತವೆ. ಗಟ್ಟಿ ಪ್ಲಾಸ್ಟಿಕ್ ಒಗ್ಗದಿದ್ದರೆ ಬಟ್ಟೆಯ ಮೃದು ಕೋನ್ ನೋಡಿ. ಊಟಕ್ಕೆ ಅಗಲವಾದ ತಟ್ಟೆ ಇಡಿ, ಆಳದ ಬಟ್ಟಲಿಗೆ ಕೋನಿನ ಅಂಚು ಬಡಿಯುತ್ತದೆ. ಎದುರು ಕೂತು ಉಣಿಸುವಾಗ ತೆಗೆಯಬಹುದು. ನೀವು ಎದ್ದು ಹೋಗುವಾಗ ಮತ್ತೆ ಹಾಕಿ, "ಒಂದು ನಿಮಿಷ ತಾನೇ" ಎನ್ನಬೇಡಿ.

ಗಾಯ ಹೊಟ್ಟೆಯ ನಡುವೆ ಇದೆಯೋ, ಪಕ್ಕೆಯಲ್ಲೋ? ಕೆಲವು ವೈದ್ಯರು ಪಕ್ಕೆಯಲ್ಲಿ ಕೊಯ್ಯುತ್ತಾರೆ.

ಮಲ್ಲಿಗೆಬಳ್ಳಿ
ಹೊಟ್ಟೆಯ ನಡುವೆ, ಹೊಕ್ಕುಳಿನಿಂದ ತುಸು ಕೆಳಗೆ. ಹೊರಗೆ ದಾರವೇ ಕಾಣುತ್ತಿಲ್ಲ, ಒಂದು ಸಣ್ಣ ಗೆರೆ ಅಷ್ಟೇ.

ನೀಲಿಕೋಟು
ಹಾಗಾದರೆ ಒಳಗೇ ಕರಗುವ ದಾರ, ಮೇಲೆ ಅಂಟು ಹಾಕಿರಬಹುದು. ಬಿಚ್ಚಿಸುವ ಕೆಲಸವಿಲ್ಲ, ಆದರೂ ಗಾಯ ತೋರಿಸಲು ಕರೆದ ದಿನ ಹೋಗಿ.

ಬೀದಿಬದಿ
ಗುಂಡನ ವಿಷಯ. ಅವನಿಗೆ ಚಿಕಿತ್ಸೆ ಆಗಿದೆಯೇ? ಆಗಿಲ್ಲವಾದರೆ ಬೇರೆ ಕೋಣೆ ಕಡ್ಡಾಯ. ಬೆದೆಯಲ್ಲಿದ್ದಾಗಲೇ ಚಿಕಿತ್ಸೆಯಾದ ಹೆಣ್ಣಿನ ಮೈಯಲ್ಲಿ ಹಾರ್ಮೋನು ಇಳಿಯಲು ಕೆಲವು ದಿನ ಬೇಕು, ಗಂಡು ಅದನ್ನು ಮೂಸಿ ಹಿಡಿಯುತ್ತದೆ. ಹೊಸ ಗಾಯದ ಮೇಲೆ ಗಂಡು ಹತ್ತಿದರೆ ಪ್ರಾಣಕ್ಕೇ ಸಂಚಕಾರ.

ಮಲ್ಲಿಗೆಬಳ್ಳಿ
ಗುಂಡನಿಗೆ ಹೋದ ವರ್ಷವೇ ಆಗಿದೆ. ಅವನಿಗೆ ಬೇಕಾದದ್ದು ಊಟ ಮತ್ತು ಕಿಟಕಿ ಮಾತ್ರ.

ಮೂರು ಬೆಕ್ಕಿನ ಮನೆ
ಹಾಗಾದರೆ ಇದು ವಾಸನೆಯ ಜಗಳ. ಬೆಕ್ಕುಗಳು ಒಂದನ್ನೊಂದು ಗುರುತಿಸುವುದು ಮುಖದಿಂದಲ್ಲ, ಮೈವಾಸನೆಯಿಂದ. ಗುಂಡನ ಪಾಲಿಗೆ ಆಸ್ಪತ್ರೆಯ ವಾಸನೆಯ ಯಾವುದೋ ಅಪರಿಚಿತ ಪ್ರಾಣಿ ಮನೆಗೆ ನುಗ್ಗಿದೆ. ಬೈಯಬೇಡಿ, ಎದುರುಬದುರು ಕೂರಿಸಿ ರಾಜಿ ಮಾಡಿಸಲೂ ಹೋಗಬೇಡಿ. ಬಾಗಿಲು ಮುಚ್ಚಿ, ಗುಂಡ ಮಲಗಿದ್ದ ಬಟ್ಟೆಯನ್ನು ಮಿಂಚುವಿನ ಹಾಸಿಗೆಗೆ, ಅವಳದ್ದನ್ನು ಅವನ ಬುಟ್ಟಿಗೆ ಹಾಕಿ. ಕೆಲವು ದಿನಗಳಲ್ಲಿ ತಾವೇ ಸರಿಹೋಗುತ್ತವೆ.

ಹಳೆಯ ಕನ್ನಡಕ
ಬೆಕ್ಕಿಗೂ ಪಂಚಾಯಿತಿ! ಇರಲಿ. ನಾನು ಕೇಳಬೇಕೆಂದಿದ್ದು ಬೇರೆ. ಆರು ತಿಂಗಳಿಗೇ ಏಕೆ ಇದೆಲ್ಲ? ಒಂದು ಸಲ ಮರಿ ಹಾಕಲು ಬಿಟ್ಟರೆ ಹೆಣ್ಣು ಬೆಕ್ಕಿನ ಆರೋಗ್ಯ ಚೆನ್ನಾಗಿರುತ್ತದೆ, ಸ್ವಭಾವವೂ ಗಂಭೀರವಾಗುತ್ತದೆ ಎಂದು ಹಿರಿಯರು ಹೇಳುತ್ತಿದ್ದರು.

ಬೀದಿಬದಿ
ಹಿರಿಯರು ಆ ಮರಿಗಳನ್ನು ಎಲ್ಲಿ ಬಿಟ್ಟುಬರುತ್ತಿದ್ದರು ಎಂದೂ ಹೇಳುತ್ತಿದ್ದರೇ? ನಾಲ್ಕು ತಿಂಗಳಿಗೇ ಬೆದೆಗೆ ಬರುವ ಬೆಕ್ಕುಗಳಿವೆ. ಗರ್ಭ ಒಂಬತ್ತು ವಾರ, ಅಷ್ಟೇ. ಮರಿಗಳು ಇನ್ನೂ ಮೊಲೆ ಬಿಡದಿರುವಾಗಲೇ ತಾಯಿ ಮತ್ತೆ ಗಬ್ಬವಾಗಬಲ್ಲಳು. ನಾನು ಊಟ ಹಾಕುವ ಬೀದಿ ಬೆಕ್ಕುಗಳಲ್ಲಿ ತಾನೇ ಇನ್ನೂ ಮರಿಯಂತೆ ಕಾಣುವ ತಾಯಂದಿರನ್ನು ನೋಡಿದ್ದೇನೆ, ಪಕ್ಕೆಲುಬು ಎಣಿಸಬಹುದು. ಅದರಲ್ಲಿ ಆರೋಗ್ಯವೂ ಇಲ್ಲ, ಗಾಂಭೀರ್ಯವೂ ಇಲ್ಲ.

ನೀಲಿಕೋಟು
ಇದಕ್ಕೆ ಲೆಕ್ಕವೂ ಇದೆ. 2005ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಆರು ತಿಂಗಳೊಳಗೆ ಚಿಕಿತ್ಸೆಯಾದ ಬೆಕ್ಕುಗಳಿಗೆ ಸ್ತನ ಕ್ಯಾನ್ಸರ್ ಸಂಭವ 91 ಪ್ರತಿಶತ, ವರ್ಷದೊಳಗೆ ಆದವಕ್ಕೆ 86 ಪ್ರತಿಶತ ಕಡಿಮೆಯೆಂದು ಕಂಡಿತು. ಮರಿ ಹಾಕಿದ್ದರಿಂದ ಯಾವ ರಕ್ಷಣೆಯೂ ಕಾಣಲಿಲ್ಲ. ಬೆಕ್ಕಿನ ಸ್ತನದಲ್ಲಿ ಗಂಟು ಕಂಡರೆ ಬಹುಪಾಲು ಅದು ಕೆಟ್ಟ ಗಂಟೇ. ಗರ್ಭಕೋಶದಲ್ಲಿ ಕೀವು ತುಂಬುವ ಕಾಯಿಲೆಯ ಭಯವೂ ಈ ಚಿಕಿತ್ಸೆಯಿಂದ ತಪ್ಪುತ್ತದೆ.

ಹಳೆಯ ಕನ್ನಡಕ
ಲೆಕ್ಕ ಕೊಟ್ಟರೆ ಒಪ್ಪುತ್ತೇನೆ. ಹೆದರಿಸಿದರೆ ಒಪ್ಪುವುದಿಲ್ಲ.

ಸಂಜೆಗೆಂಪು
ಒಂದೇ ಸಂಜೆಯಲ್ಲಿ ಎರಡು ಪವಾಡ: ಬೆಕ್ಕು ಕೋನ್ ಹಾಕಿಕೊಂಡಿತು, ಕನ್ನಡಕದವರು ಒಪ್ಪಿಕೊಂಡರು.

ಮಲ್ಲಿಗೆಬಳ್ಳಿ
ಮರುದಿನದ ವರದಿ. ರಾತ್ರಿ ಎರಡು ಚಮಚದಷ್ಟು ತಿಂದಳು, ಬೆಳಿಗ್ಗೆ ಬಟ್ಟಲು ಖಾಲಿ. ಮೂತ್ರವೂ ಆಯಿತು. ಮರಳಿನ ತಟ್ಟೆಯ ಪುಡಿ ಹೊಟ್ಟೆಗೆ ಮೆತ್ತಿಕೊಳ್ಳುತ್ತಿದೆ, ಗಾಯ ತೊಳೆಯಲೇ? ನಂಜುನಾಶಕ ದ್ರಾವಣ ಮನೆಯಲ್ಲಿದೆ.

ನೀಲಿಕೋಟು
ತೊಳೆಯಬೇಡಿ. ನಂಜುನಾಶಕ, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್, ಎಣ್ಣೆ, ಮನೆಮದ್ದು ಯಾವುದೂ ಬೇಡ. ಫಿನಾಲ್ ಜಾತಿಯ ದ್ರಾವಣಗಳಂತೂ ಬೆಕ್ಕಿಗೆ ವಿಷ, ಹಚ್ಚಿದ್ದನ್ನು ಅದು ನೆಕ್ಕಿಯೇ ನೆಕ್ಕುತ್ತದೆ. ಒಣಗಿರುವ ಗಾಯವನ್ನು ಒಣಗಿದ್ದಂತೆಯೇ ಬಿಡಿ. ಸ್ನಾನವೂ ಸದ್ಯಕ್ಕಿಲ್ಲ. ಮರಳು ತೆಗೆದು ಕಾಗದದ ಚೂರು ತುಂಬಿ.

ಗಡಿಯಾರ
ಕಾಗದದ ಚೂರನ್ನು ಒಪ್ಪದ ಬೆಕ್ಕುಗಳೂ ಇವೆ. ಮೇಲೆ ಒಂದು ಹಿಡಿ ಹಳೆಯ ಮರಳು ಉದುರಿಸಿ, ವಾಸನೆ ಹಿಡಿದು ಬರುತ್ತದೆ.

ಮಲ್ಲಿಗೆಬಳ್ಳಿ
ಕೆಲವು ದಿನಗಳ ನಂತರ ಮತ್ತೆ ಬಂದಿದ್ದೇನೆ. ಈಗಿನ ಕಷ್ಟವೇ ಬೇರೆ. ಮಿಂಚುವಿಗೆ ತಾನು ರೋಗಿ ಎಂಬುದು ಮರೆತೇಹೋಗಿದೆ. ಕೋನ್ ಸಮೇತ ಪರದೆ ಹತ್ತಲು ಹೊರಡುತ್ತಾಳೆ. ಮಧ್ಯರಾತ್ರಿ ಕೋಣೆಯ ಸುತ್ತ ಓಟ. ಇಂದು ನೋಡಿದರೆ ಗಾಯದ ಕೆಳಗೆ ಬಟಾಣಿ ಗಾತ್ರದ ಗಟ್ಟಿ ಉಬ್ಬು. ಕೀವಿಲ್ಲ, ಬಿಸಿಯಿಲ್ಲ, ಮುಟ್ಟಿದರೆ ಅವಳಿಗೇನೂ ಅನ್ನಿಸುತ್ತಿಲ್ಲ. ನನಗೆ ಮಾತ್ರ ಎದೆ ಡವಡವ.

ಕಾಗದದ ದೋಣಿ
ನಮ್ಮದಕ್ಕೂ ಹಾಗೇ ಆಗಿತ್ತು, ವಾರಗಳಲ್ಲಿ ಕರಗಿತು. ಬಿಟ್ಟುಬಿಡಿ.

ನೀಲಿಕೋಟು
ಬಿಟ್ಟುಬಿಡಿ ಎನ್ನುವ ಮುನ್ನ ಒಂದು ಮಾತು. ಹೊರಗೆ ಕಾಣುವ ಗೆರೆ ಚಿಕ್ಕದು, ಕೆಳಗೆ ಹೊಟ್ಟೆಯ ಗೋಡೆಯನ್ನೂ ಪದರ ಪದರವಾಗಿ ಹೊಲಿದಿರುತ್ತಾರೆ. ಕರಗುವ ದಾರವನ್ನು ದೇಹ ಜೀರ್ಣಿಸಿಕೊಳ್ಳುವಾಗ ಗಟ್ಟಿ ಉಬ್ಬು ಬರುವುದು ಸಾಮಾನ್ಯ, ಎಗರಾಡುವ ಎಳೆಯ ಬೆಕ್ಕುಗಳಲ್ಲಿ ಇನ್ನೂ ಹೆಚ್ಚು. ಅಲುಗಾಟದಿಂದ ಚರ್ಮದಡಿ ನೀರು ತುಂಬಿ ಮೆತ್ತಗೆ ಊದುವುದೂ ಉಂಟು. ಆದರೆ ಒತ್ತಿದರೆ ಒಳಗೆ ಹೋಗಿ ಬಿಟ್ಟರೆ ಹೊರಬರುವ ಉಬ್ಬು, ದಿನದಿಂದ ದಿನಕ್ಕೆ ಬೆಳೆಯುವ ಉಬ್ಬು ಬೇರೆ ಕಥೆ; ಒಳಹೊಲಿಗೆ ಬಿಟ್ಟಿರಬಹುದು. ಬೆಳಿಗ್ಗೆ ಸಂಜೆ ಅದೇ ಬೆಳಕಿನಲ್ಲಿ ಒಂದು ಫೋಟೋ ತೆಗೆಯಿರಿ, ಇಂದೇ ಚಿಕಿತ್ಸಾಲಯಕ್ಕೆ ಕಳುಹಿಸಿ. ಅಂಚು ಬಿಟ್ಟುಕೊಂಡರೆ, ಕೀವು, ದುರ್ವಾಸನೆ, ಹನಿಯುವ ರಕ್ತ ಕಂಡರೆ, ಮೈ ಬಿಸಿಯಾಗಿ 39.2 ಡಿಗ್ರಿ ಸೆಲ್ಸಿಯಸ್ ದಾಟಿದರೆ ಫೋಟೋ ಬೇಡ, ಬೆಕ್ಕನ್ನೇ ಒಯ್ಯಿರಿ.

ಗಡಿಯಾರ
ಅವಳಿಗೆ ನೋವಿಲ್ಲವೆಂದು ಹೇಗೆ ಹೇಳುತ್ತೀರಿ? ಗುರುಗುಟ್ಟುತ್ತಿದ್ದಾಳೆಂದೇ? ನೋವಿನಲ್ಲಿಯೂ ಬೆಕ್ಕು ಗುರುಗುಟ್ಟುತ್ತದೆ.

ಮೂರು ಬೆಕ್ಕಿನ ಮನೆ
ಮುಖ ನೋಡಿ ಅಳೆಯುವ ಕ್ರಮವೊಂದಿದೆ, ಮಾಂಟ್ರಿಯಲ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ್ದು. ಕಿವಿ ಪಕ್ಕಕ್ಕೆ ಹೊರಳಿದೆಯೇ, ಕಣ್ಣು ಕಿರಿದಾಗಿದೆಯೇ, ಮೂತಿ ಬಿಗಿದಿದೆಯೇ, ಮೀಸೆ ನೆಟ್ಟಗೆ ನಿಂತಿದೆಯೇ, ತಲೆ ಭುಜಕ್ಕಿಂತ ಕೆಳಗಿದೆಯೇ. ಪ್ರತಿಯೊಂದಕ್ಕೂ ಸೊನ್ನೆಯಿಂದ ಎರಡು ಅಂಕ, ಒಟ್ಟು ಹತ್ತರಲ್ಲಿ ನಾಲ್ಕು ಮುಟ್ಟಿದರೆ ನೋವಿನ ಔಷಧ ಬೇಕೆಂದು ಲೆಕ್ಕ. ನಿದ್ದೆ ಮಾಡುವಾಗ, ತಿನ್ನುವಾಗ ಅಂಕ ಹಾಕಬಾರದು. ಪರದೆ ಹತ್ತುವವಳಿಗೆ ಎಷ್ಟು ಬರುತ್ತದೋ ನೀವೇ ನೋಡಿ.

ಮಲ್ಲಿಗೆಬಳ್ಳಿ
ಸೊನ್ನೆ. ಬದಲಿಗೆ ನನಗೆ ಹತ್ತು ಕೊಡಿ. ಫೋಟೋ ನೋಡಿದ ವೈದ್ಯರು ದಾರದ ಉಬ್ಬೇ ಎಂದರು, ಓಟ ನಿಲ್ಲಿಸಿ ಎಂದೂ ಬೈದರು. ಹೇಗೆ ನಿಲ್ಲಿಸುವುದು?

ಸಂಜೆಗೆಂಪು
ಮೈ ದಣಿಯದೆ ತಲೆ ದಣಿಯುವ ಕೆಲಸ ಕೊಡಿ. ಊಟವನ್ನು ಬಟ್ಟಲಿಗೆ ಹಾಕುವ ಬದಲು ಮೊಟ್ಟೆಯ ಟ್ರೇಯ ಗುಳಿಗಳಲ್ಲಿ ಒಂದೊಂದೇ ಕಾಳು ಇಡಿ, ಪಂಜದಿಂದ ಹೊರಗೆಳೆಯಲು ಅರ್ಧ ಗಂಟೆ ಹಿಡಿಯುತ್ತದೆ. ಗರಿ ಕಟ್ಟಿದ ಕೋಲು, ಲೇಸರ್ ಚುಕ್ಕೆ ಬೇಡ. ಕೋಣೆ ಸಾಲದಿದ್ದರೆ ನಾಯಿಗೆ ಬಳಸುವ ದೊಡ್ಡ ಪಂಜರದೊಳಗೆ ಹಾಸಿಗೆ, ತಟ್ಟೆ, ನೀರು ಇಟ್ಟು ರಾತ್ರಿ ಮಾತ್ರ ಕೂಡಿ. ಕ್ರೂರವೆನಿಸುತ್ತದೆ, ಆದರೆ ಮತ್ತೊಮ್ಮೆ ಹೊಲಿಸುವುದಕ್ಕಿಂತ ವಾಸಿ.

ಹಳೆಯ ಕನ್ನಡಕ
ನಮ್ಮ ಮನೆಯ ಬೆಕ್ಕಿಗೆ ಚಿಕಿತ್ಸೆಯಾದ ಮೇಲೆ ಹೊಟ್ಟೆಯ ಚರ್ಮ ಜೋತುಬಿದ್ದಿದೆ, ಓಡುವಾಗ ತೂಗುತ್ತದೆ. ಹೊಲಿಗೆ ಸರಿಯಾಗಿ ಹಾಕಲಿಲ್ಲವೆಂದು ನನ್ನ ವಾದ.

ನೀಲಿಕೋಟು
ನಿಮ್ಮ ವಾದ ಬಿತ್ತು. ಆ ಜೋಲು ಚರ್ಮ ಬೆಕ್ಕಿನ ಜಾತಿಗೇ ಇದೆ. ಚಿಕಿತ್ಸೆಯಾಗದ ಗಂಡಿಗೂ ಇರುತ್ತದೆ, ಸಿಂಹಕ್ಕೂ ಇರುತ್ತದೆ. ಕೊಬ್ಬು ತುಂಬಿದರೆ ಮಾತ್ರ ತಪ್ಪು ನಿಮ್ಮ ಬಟ್ಟಲಿನದು. ಚಿಕಿತ್ಸೆಯ ನಂತರ ಹಸಿವು ಏರುತ್ತದೆ, ಮೈಗೆ ಬೇಕಾದ ಶಕ್ತಿ ಮಾತ್ರ ಸುಮಾರು ಕಾಲುಭಾಗ ಇಳಿಯುತ್ತದೆ. ಬಳ್ಳಿಯವರೂ ಕೇಳಿಸಿಕೊಳ್ಳಿ: ಒಂದು ವರ್ಷದವರೆಗೆ ಮರಿಗಳ ಆಹಾರವೇ ಇರಲಿ, ಇನ್ನೂ ಬೆಳೆಯುವ ವಯಸ್ಸು. ಆದರೆ ಅಳತೆ ಮಾಡಿ ಹಾಕಿ. ದಿನವಿಡೀ ಬಟ್ಟಲು ತುಂಬಿಡುವ ಕಾಲ ಮುಗಿಯಿತು.

ಮಲ್ಲಿಗೆಬಳ್ಳಿ
ತೂಕ ನೋಡುವುದು ಹೇಗೆ? ತಕ್ಕಡಿಯ ಮೇಲೆ ಒಂದು ಕ್ಷಣವೂ ನಿಲ್ಲುವುದಿಲ್ಲ.

ಗಡಿಯಾರ
ಎತ್ತಿಕೊಂಡು ನಿಲ್ಲಿ, ಆಮೇಲೆ ನೀವೊಬ್ಬರೇ ನಿಲ್ಲಿ, ಕಳೆಯಿರಿ.

ಸಂಜೆಗೆಂಪು
ಅದರಲ್ಲಿ ನಮ್ಮ ತೂಕವೂ ಗೊತ್ತಾಗುತ್ತದೆ. ಬೇರೆ ದಾರಿಯಿದ್ದರೆ ಹೇಳಿ.

ಮೂರು ಬೆಕ್ಕಿನ ಮನೆ
ಆ ತಕ್ಕಡಿಗೆ ನೂರು ಗ್ರಾಂ ಹೆಚ್ಚುಕಮ್ಮಿ ತಿಳಿಯುವುದೂ ಇಲ್ಲ, ಬೆಕ್ಕಿಗೆ ನೂರು ಗ್ರಾಂ ಸಣ್ಣದಲ್ಲ. ಅಡುಗೆಮನೆಯ ತಕ್ಕಡಿಯ ಮೇಲೆ ರಟ್ಟಿನ ಡಬ್ಬಿ ಇಟ್ಟು ಸೊನ್ನೆಗೆ ತಂದು ದೂರ ಹೋಗಿ ಕೂತುಕೊಳ್ಳಿ. ಹಿಡಿದು ಕೂರಿಸಲು ಹೋಗಬೇಡಿ. ಖಾಲಿ ಡಬ್ಬಿ ಕಂಡ ಮೇಲೆ ಅದರೊಳಗೆ ಕೂರದೆ ಯಾವ ಬೆಕ್ಕಿಗೂ ಇರಲಾಗುವುದಿಲ್ಲ.

ಮಲ್ಲಿಗೆಬಳ್ಳಿ
ಡಬ್ಬಿ ಇಟ್ಟೆ. ಗುಂಡ ಬಂದು ಕೂತ. ಐದು ಕಿಲೋ ಎಂಟುನೂರು ಗ್ರಾಂ. ಬಟ್ಟಲಿನ ಅಳತೆ ಮೊದಲು ಯಾರಿಗೆ ಶುರುವಾಗಬೇಕೆಂದು ತಿಳಿಯಿತು.